ಗುಂಡುಸೂಜಿಗೆ 18 ಹಂತ

ಎಲ್ರಿಗೂ ನಮಸ್ಕಾರ. ಜ್ಞಾನೋದಯದ ಕಾಲ ಅಂದ ತಕ್ಷಣ ನಮಗೆ ಹೈಸ್ಕೂಲ್‌ನಲ್ಲಿ ಓದಿದ ವಾಲ್ಟೇರ್, ರೂಸೋ, ಮಾಂಟೆಸ್ಕ್ಯೂ, ಆಮೇಲೆ ಬಾಸ್ಟೀಲ್ ಜೈಲು ಒಡೆದಿದ್ದು, ಇಷ್ಟು ನೆನಪಾಗುತ್ತೆ. ನಾನಿವತ್ತು ಚಾಕು ಮಾಡೋರ ಮನೇಲಿ ಹುಟ್ಟಿದ ಒಬ್ಬನ ಬಗ್ಗೆ ಮಾತಾಡ್ತೀನಿ, ಡೆನಿ ಡಿಡೆರೊ ಅಂತ. ಫ್ರಾನ್ಸ್‌ನ ಲಾಂಗ್ರ್ ಅನ್ನೋ ಊರಲ್ಲಿ ಅವನ ಅಪ್ಪನ ಕಸುಬೇ ಅದು, ಚಾಕು ಕತ್ತರಿ, ಡಾಕ್ಟರ್‌ಗಳು ಬಳಸೋ ಚೂರಿ ಎಲ್ಲಾ ಮಾಡ್ತಿದ್ರು. ಈ ವಿಷಯ ಮನಸ್ಸಲ್ಲಿ ಇಟ್ಕೊಳ್ಳಿ, ಮುಂದಿನದೆಲ್ಲಾ ಇಲ್ಲಿಂದಲೇ ಬಂತು ಅಂತ ನಂಗನ್ಸುತ್ತೆ.

ಪ್ಯಾರಿಸ್‌ನ ಪ್ರಕಾಶಕರು ಎರಡು ಸಂಪುಟದ ಒಂದು ಇಂಗ್ಲಿಷ್ ವಿಶ್ವಕೋಶನ ಫ್ರೆಂಚ್‌ಗೆ ಅನುವಾದ ಮಾಡ್ಸೋಣ ಅಂತ ಶುರು ಮಾಡಿದ್ದು, ಡಿಡೆರೊ ಕೈಗೆ ಬಂದ್ಮೇಲೆ ಬೆಳೀತಾ ಬೆಳೀತಾ 28 ಸಂಪುಟ ಆಯ್ತು, 1751ರಿಂದ 1772ರ ತನಕ, 17 ಬರಹದ್ದು, 11 ಬರೀ ಚಿತ್ರದ್ದು. ಆ ಚಿತ್ರ ಏನ್ರೀ ಅಂದ್ರೆ ರಾಜರದ್ದಲ್ಲ, ದೇವರದ್ದಲ್ಲ, ಗಾಜು ಊದೋರು, ಕಾಲುಚೀಲ ನೇಯೋ ಮಗ್ಗ, ಕಮ್ಮಾರನ ಕುಲುಮೆ, ಯಾವ ಉಳಿ ಯಾವ ಸುತ್ತಿಗೆ ಅಂತ ಒಂದೊಂದನ್ನೂ ಬಿಡಿಸಿ ನಂಬರ್ ಹಾಕಿ ತೋರ್ಸಿದಾರೆ.

ಆಗಿನ ಫ್ರಾನ್ಸ್‌ನಲ್ಲಿ ಕಸುಬಿನ ಗುಟ್ಟು ಗಿಲ್ಡ್‌ಗಳ ಕೈಲಿತ್ತು, ಅಂದ್ರೆ ಕಸುಬುದಾರರ ಸಂಘಗಳು, ವರ್ಷಗಟ್ಟಲೆ ಶಿಷ್ಯನಾಗಿ ದುಡೀದೆ ಏನೂ ಹೇಳ್ಕೊಡ್ತಿರ್ಲಿಲ್ಲ. ಓದಿದೋರಿಗೋ ಕೈಕೆಲಸ ಅಂದ್ರೆ ಕೀಳು. ಡಿಡೆರೊ ಏನ್ ಮಾಡ್ದ, ಸೀದಾ ವರ್ಕ್‌ಶಾಪ್‌ಗಳಿಗೆ ಹೋಗಿ ಕೆಲಸದೋರನ್ನ ಕೇಳಿ ಕೇಳಿ ಬರ್ಕೊಂಡ, ಕೆಲವು ಯಂತ್ರ ಅರ್ಥ ಆಗ್ಬೇಕಾದ್ರೆ ನಾವೇ ಕೈ ಹಾಕಿ ಶಿಷ್ಯರಾಗ್ಬೇಕಾಯ್ತು ಅಂತ ಅವನೇ ಹೇಳ್ಕೊಂಡಿದಾನೆ. ಅರಮನೆಯ ಬುದ್ಧಿಜೀವಿ ನೇಕಾರನ ಹತ್ರ ಪಾಠ ಕಲೀಬೇಕು ಅನ್ನೋ ಈ ಮಾತೇ ನನ್ ಪ್ರಕಾರ ಮೊದಲ್ನೇ ಕ್ರಾಂತಿ, 1789ರ ಫ್ರೆಂಚ್ ಕ್ರಾಂತಿಗಿಂತ ಎಷ್ಟೋ ಮುಂಚೆ ಆಗಿದ್ದು.

ಸುಮ್ನೆ ಬಿಟ್ರಾ? ಇಲ್ಲ. ಇದಕ್ಕೂ ಮುಂಚೆ 1749ರಲ್ಲೇ ಬೇರೆ ಬರಹಕ್ಕೆ ಅವನನ್ನ ವಾನ್ಸೆನ್ ಕೋಟೇಲಿ ಕೂಡಿಹಾಕಿದ್ರು, 1759ರಲ್ಲಿ ವಿಶ್ವಕೋಶದ ಪರವಾನಗಿನೇ ರದ್ದಾಯ್ತು. ಪುಸ್ತಕಗಳ ಮೇಲೆ ಕಣ್ಣಿಡಬೇಕಾದ ಅಧಿಕಾರಿ ಮಾಲ್ಜೆರ್ಬ್ ಅನ್ನೋರೇ ಹಸ್ತಪ್ರತಿಗಳನ್ನ ತಮ್ಮ ಮನೇಲಿ ಬಚ್ಚಿಡ್ತೀನಿ ಅಂದ್ರು ಅಂತ ಡಿಡೆರೊ ಮಗಳು ಬರ್ದಿಟ್ಟಿದಾಳೆ. ಕ್ರಾಂತಿ ಬಂದಾಗ ಇದೇ ಮಾಲ್ಜೆರ್ಬ್ ರಾಜನ ಪರ ವಾದ ಮಾಡಿ, 1794ರಲ್ಲಿ ಗಿಲೊಟಿನ್‌ಗೆ ತಲೆ ಕೊಟ್ರು. ನಂಗೆ ಅದನ್ನ ಓದಿದಾಗ ಬಹಳ ಸಂಕಟ ಆಗಿತ್ತು.

ಈಗ ಗುಂಡುಸೂಜಿಗೆ ಬರೋಣ. ವಿಶ್ವಕೋಶದಲ್ಲಿ ಗುಂಡುಸೂಜಿ ಬಗ್ಗೆ ಒಂದು ಲೇಖನ ಇದೆ, ತಂತಿ ಎಳೆಯೋದು, ನೇರ ಮಾಡೋದು, ಕತ್ತರಿಸೋದು, ತುದಿ ಚೂಪು ಮಾಡೋದು, ತಲೆ ಕೂರ್ಸೋದು, ಹೀಗೆ 18 ಹಂತ. 1776ರಲ್ಲಿ ಆಡಮ್ ಸ್ಮಿತ್ ತನ್ನ ಅರ್ಥಶಾಸ್ತ್ರದ ಪುಸ್ತಕ ಶುರು ಮಾಡೋದೂ ಗುಂಡುಸೂಜಿ ಇಂದನೇ, ಅಲ್ಲೂ ಸುಮಾರು 18 ಹಂತ, ಆದ್ರೆ ಲೆಕ್ಕ ಬೇರೆ: ಒಬ್ಬನೇ ಮಾಡಿದ್ರೆ ದಿನಕ್ಕೆ 20 ಕೂಡ ಆಗಲ್ಲ, ಹತ್ತು ಜನ ಹಂಚ್ಕೊಂಡ್ರೆ 48,000. ನೋಡಿ, ಒಂದು ಕಡೆ ಕೆಲಸಗಾರನ ಜಾಣ್ಮೆ ತೋರ್ಸೋಕೆ ಬಿಡಿಸಿಟ್ಟ ಕೆಲಸ, ಇನ್ನೊಂದು ಕಡೆ ಮಾಲೀಕನಿಗೆ ಎಷ್ಟು ಹುಟ್ಟುತ್ತೆ ಅನ್ನೋ ಲೆಕ್ಕ ಆಗೋಯ್ತು. ತಲೆ ಕೂರ್ಸೋನು ಜೀವಮಾನ ಪೂರ್ತಿ ತಲೆ ಕೂರ್ಸೋದೇ. ಇದು ಮಂಕು ಹಿಡಿಸುತ್ತೆ, ಬುದ್ಧಿ ಮೊಂಡಾಗುತ್ತೆ ಅಂತ ಸ್ಮಿತ್ ಕೂಡ ಅದೇ ಪುಸ್ತಕದಲ್ಲಿ ಮುಂದೆ ಬರೀತಾನೆ, ಆ ಭಾಗ ಯಾರೂ ಅಷ್ಟಾಗಿ ಹೇಳಲ್ಲ.

ಕ್ರಾಂತಿ ಬಂತು. 1791ರ ಮಾರ್ಚಲ್ಲಿ ಗಿಲ್ಡ್‌ಗಳನ್ನ ತೆಗೆದು ಹಾಕಿದ್ರು, ಯಾರು ಬೇಕಾದ್ರೂ ಯಾವ ಕಸುಬು ಬೇಕಾದ್ರೂ ಮಾಡ್ಬಹುದು, ಡಿಡೆರೊ ಇದ್ದಿದ್ರೆ ಖುಷಿ ಪಡ್ತಿದ್ದ. ಅದೇ ಹೊತ್ತಿಗೆ ಪ್ಯಾರಿಸ್‌ನ ಬಡಗಿಗಳು ಒಟ್ಟಾಗಿ ಕೂಲಿ ಜಾಸ್ತಿ ಮಾಡಿ ಅಂತ ಕೇಳಿದ್ರು. ಮೂರು ತಿಂಗಳಲ್ಲಿ, ಜೂನ್ 14ಕ್ಕೆ, ಲ ಶಪೆಲ್ಯೆ ಕಾನೂನು ಬಂತು: ಒಂದೇ ಕಸುಬಿನೋರು ಸೇರಿ ಅಧ್ಯಕ್ಷ, ಕಾರ್ಯದರ್ಶಿ ಅಂತ ಆರಿಸ್ಕೊಳ್ಳೋ ಹಾಗಿಲ್ಲ, ರಿಜಿಸ್ಟರ್ ಇಡೋ ಹಾಗೂ ಇಲ್ಲ. ಯಾರ ಕೈಯ ಕೆಲಸನ 11 ಸಂಪುಟದಲ್ಲಿ ಚಿತ್ರ ಬಿಡಿಸಿ ಇಟ್ಟಿದ್ರೋ ಅವರಿಗೆ ತಮ್ಮದೇ ಒಂದು ಹೆಸರಿನ ಪಟ್ಟಿ ಬರೆದಿಟ್ಕೊಳ್ಳೋಕೂ ಬಿಡ್ಲಿಲ್ಲ. ಫ್ರಾನ್ಸ್‌ನಲ್ಲಿ ಕಾರ್ಮಿಕ ಸಂಘ ಕಾನೂನುಬದ್ಧ ಆಗಿದ್ದು 1884ರಲ್ಲಿ, 93 ವರ್ಷ ಕಳೆದ್ಮೇಲೆ.