ಇಲಿಯನ್ನು ಪ್ರಶ್ನೆ ಕೇಳುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಪ್ರಾಣಿಗಳ ಬುದ್ಧಿ, ಭಾವನೆಗಳನ್ನು ನಾವು ತಿಳಿಯುವುದು ಹೇಗೆ ಅನ್ನುವುದು ಇವತ್ತಿನ ಮಾತು.

ಕೋಲೆ ಬಸವನನ್ನು ನೋಡದವರು ಇಲ್ಲಿ ಕಮ್ಮಿ ಅಂದುಕೊಂಡಿದ್ದೇನೆ. ಬೆನ್ನ ಮೇಲೆ ಬಣ್ಣದ ಬಟ್ಟೆ, ಕೊರಳಲ್ಲಿ ಗಂಟೆ, ಕೊಂಬಿಗೆ ಕುಚ್ಚು. ‘ಈ ಮನೆಯ ಅಮ್ಮನಿಗೆ ಒಳ್ಳೇದಾಗುತ್ತಾ ಬಸವಣ್ಣ?’ ಅಂತ ಯಜಮಾನ ಕೇಳಿದರೆ ಬಸವ ತಲೆ ಆಡಿಸುತ್ತದೆ. ಮಳೆ ಬರುತ್ತಾ, ಮಗಳಿಗೆ ಮದುವೆ ಆಗುತ್ತಾ, ಎಲ್ಲಕ್ಕೂ ಹೂಂ. ನಾವು ಮೊರದಲ್ಲಿ ಅಕ್ಕಿ ತಂದು ಕೊಡುತ್ತೇವೆ. ಬಸವನಿಗೆ ಮಳೆಯ ವಿಷಯ ಗೊತ್ತಿಲ್ಲ ಅಂತ ನಮಗೂ ಗೊತ್ತು, ಯಜಮಾನನಿಗೂ ಗೊತ್ತು. ಆದರೆ ತಲೆ ಯಾವಾಗ ಆಡಿಸಬೇಕು ಅನ್ನುವುದು ಬಸವನಿಗೆ ಚೆನ್ನಾಗಿ ಗೊತ್ತಿದೆ, ಅಲ್ವಾ? ಅದನ್ನು ಮಾತ್ರ ಯಾರೂ ಲೆಕ್ಕಕ್ಕೇ ತಗೊಳ್ಳುವುದಿಲ್ಲ.

ಇದೇ ಬಗೆಯ ಒಂದು ಪ್ರಾಣಿ 1904ರಲ್ಲಿ ಬರ್ಲಿನ್ ನಗರದಲ್ಲಿ ದೊಡ್ಡ ಗದ್ದಲ ಎಬ್ಬಿಸಿತು. ಹಾನ್ಸ್ ಅಂತ ಒಂದು ಕುದುರೆ. ಯಜಮಾನ ವಿಲ್ಹೆಲ್ಮ್ ಫಾನ್ ಓಸ್ಟನ್, ಗಣಿತದ ಮೇಷ್ಟ್ರಾಗಿದ್ದವರು. ಕೂಡುವ ಲೆಕ್ಕ ಕೊಟ್ಟರೆ ಹಾನ್ಸ್ ಗೊರಸು ಕುಟ್ಟಿ ಉತ್ತರ ಹೇಳುತ್ತಿತ್ತು. ಏಳು ಅಂದರೆ ಏಳು ಸಲ. ಮೇಷ್ಟ್ರು ಮೋಸಗಾರರಲ್ಲ, ಒಂದು ಕಾಸೂ ಕೇಳುತ್ತಿರಲಿಲ್ಲ. ಪರೀಕ್ಷೆಗೆ ಬಂದ ಸಮಿತಿಗೂ ಯಾವ ಕೈಚಳಕವೂ ಸಿಗಲಿಲ್ಲ.

ಕೊನೆಗೆ ಗುಟ್ಟು ಹಿಡಿದದ್ದು ಆಸ್ಕರ್ ಫುಂಗ್ಸ್ಟ್ ಎಂಬ ಯುವಕ. ಅವರು ಮಾಡಿದ್ದು ಸರಳ ಕೆಲಸ. ಪ್ರಶ್ನೆ ಕೇಳುವವರಿಗೇ ಉತ್ತರ ಗೊತ್ತಿರದ ಹಾಗೆ ಏರ್ಪಾಡು ಮಾಡಿದರು. ಹಾನ್ಸ್ ತಪ್ಪಿತು. ಕೇಳುವವರು ಕಾಣದಂತೆ ಕಣ್ಣಿಗೆ ಪಟ್ಟಿ ಕಟ್ಟಿದರು. ಆಗಲೂ ತಪ್ಪಿತು. ನಡೆಯುತ್ತಿದ್ದದ್ದು ಇಷ್ಟೇ: ಪ್ರಶ್ನೆ ಕೇಳಿದವರು ಗೊರಸು ನೋಡಲು ತಲೆಯನ್ನು ಚೂರು ಬಗ್ಗಿಸುತ್ತಿದ್ದರು. ಸರಿ ಸಂಖ್ಯೆ ಬಂದ ಕೂಡಲೇ ತಲೆ ತಾನಾಗಿ ಮೇಲೇಳುತ್ತಿತ್ತು, ಅದೂ ಮಿಲಿಮೀಟರ್ ಲೆಕ್ಕದಲ್ಲಿ. ಹಾನ್ಸ್ ಅಷ್ಟಕ್ಕೇ ಕುಟ್ಟುವುದನ್ನು ನಿಲ್ಲಿಸುತ್ತಿತ್ತು. ಗುಟ್ಟು ಗೊತ್ತಾದ ಮೇಲೂ ಫುಂಗ್ಸ್ಟ್‌ಗೆ ತಮ್ಮ ತಲೆಯ ಆ ಚಲನೆಯನ್ನು ತಡೆಯುವುದು ಕಷ್ಟವಾಯಿತು.

1907ರಲ್ಲಿ ಅವರ ವರದಿ ಬಂತು. ಪ್ರಾಣಿಗೆ ಬುದ್ಧಿ ಇದೆ ಅನ್ನುವವರಿಗೆಲ್ಲ ಅಂದಿನಿಂದ ಹಾನ್ಸ್ ಕತೆ ಹೇಳಿ ಬಾಯಿ ಮುಚ್ಚಿಸುವುದು ರೂಢಿಯಾಯಿತು. ಅದು ಅರ್ಧ ನ್ಯಾಯ ಅಂತ ನನ್ನ ಅಭಿಪ್ರಾಯ. ಹಾನ್ಸ್‌ಗೆ ಗಣಿತ ಬರುತ್ತಿರಲಿಲ್ಲ, ನಿಜ. ಆದರೆ ಒಂದು ಸಭೆ ಪಂಡಿತರಿಗೆ ಕಾಣದ ಚಲನೆಯನ್ನು ಅದು ಓದುತ್ತಿತ್ತು. ಕುದುರೆಗಳು ಗುಂಪಿನಲ್ಲಿ ಬದುಕುವ ಪ್ರಾಣಿಗಳು. ಪಕ್ಕದವರ ಮೈ ಹೇಗೆ ಅಲುಗುತ್ತದೆ ಅನ್ನುವುದೇ ಅವಕ್ಕೆ ಮುಖ್ಯ. ಕುದುರೆಗೆ ಕುದುರೆಯ ಪ್ರಶ್ನೆ ಕೇಳಬೇಕಿತ್ತು, ಮೇಷ್ಟ್ರು ತಮ್ಮ ಪ್ರಶ್ನೆ ಕೇಳಿದರು.

ಇನ್ನೊಂದು ಉದಾಹರಣೆ ಕನ್ನಡಿ. 1970ರಲ್ಲಿ ಗಾರ್ಡನ್ ಗ್ಯಾಲಪ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಚಿಂಪಾಂಜಿಗಳ ಹುಬ್ಬಿಗೆ, ಅವಕ್ಕೆ ಗೊತ್ತಾಗದಂತೆ, ಬಣ್ಣ ಹಚ್ಚಿ ಕನ್ನಡಿ ತೋರಿಸಿದರು. ಚಿಂಪಾಂಜಿಗಳು ಕನ್ನಡಿಯನ್ನಲ್ಲ, ತಮ್ಮ ಹಣೆಯನ್ನೇ ಮುಟ್ಟಿಕೊಂಡವು. ‘ಅದು ನಾನೇ’ ಅಂತ ಗೊತ್ತು ಅಂದ ಹಾಗಾಯಿತು. ಆನೆಗಳಿಗೂ ಇದೇ ಪರೀಕ್ಷೆ ಆಯಿತು, 1989ರಲ್ಲಿ. ಆನೆಗಳು ಫೇಲಾದವು. ಆದರೆ ಅಲ್ಲಿಟ್ಟ ಕನ್ನಡಿ ಚಿಕ್ಕದು, ಇಟ್ಟದ್ದು ಸರಳುಗಳ ಆಚೆ. ನಮ್ಮನ್ನು ಕಿಟಕಿಯಾಚೆ ನಿಲ್ಲಿಸಿ ಅಂಗೈಯಗಲದ ಕನ್ನಡಿ ತೋರಿಸಿದ್ದರೆ ನಮಗೆಷ್ಟು ತಿಳಿಯುತ್ತಿತ್ತೋ!

2006ರಲ್ಲಿ ನ್ಯೂಯಾರ್ಕ್‌ನ ಬ್ರಾಂಕ್ಸ್ ಮೃಗಾಲಯದಲ್ಲಿ ಜೋಶುವಾ ಪ್ಲಾಟ್ನಿಕ್, ಫ್ರಾನ್ಸ್ ಡಿ ವಾಲ್ ಮತ್ತು ಡಯಾನಾ ರೈಸ್ ಎಂಬ ಸಂಶೋಧಕರು ಆನೆಯಳತೆಯ ಕನ್ನಡಿಯನ್ನೇ ಮಾಡಿಸಿದರು. ಎಂಟು ಅಡಿ ಅಗಲ, ಎಂಟು ಅಡಿ ಎತ್ತರ, ಆನೆ ಒರಗಿದರೂ ಒಡೆಯದಂಥದ್ದು, ಆನೆಗಳು ಇರುವ ಜಾಗದ ಒಳಗೇ. ಮೂರು ಏಷ್ಯಾದ ಹೆಣ್ಣಾನೆಗಳು. ಅವು ಸೊಂಡಿಲಿನಿಂದ ಕನ್ನಡಿಯ ಹಿಂಭಾಗ ತಡಕಿದವು. ಕನ್ನಡಿ ಎದುರು ಬಾಯಿ ತೆರೆದು ಒಳಗೆ ಸೊಂಡಿಲಿಟ್ಟು ನೋಡಿಕೊಂಡವು. ಹ್ಯಾಪಿ ಎಂಬ ಆನೆಯ ತಲೆಯ ಒಂದು ಬದಿಗೆ ಬಿಳಿ ಬಣ್ಣದ ಗುಣಾಕಾರ ಚಿಹ್ನೆ ಬರೆದಿದ್ದರು. ಇನ್ನೊಂದು ಬದಿಗೆ ಅದೇ ವಾಸನೆಯ, ಆದರೆ ಕಣ್ಣಿಗೆ ಕಾಣದ ಬಣ್ಣ. ಹ್ಯಾಪಿ ಕನ್ನಡಿ ನೋಡಿ ಬಿಳಿ ಗುರುತನ್ನೇ ಮತ್ತೆ ಮತ್ತೆ ಮುಟ್ಟಿತು. ಉಳಿದೆರಡು ಮುಟ್ಟಲಿಲ್ಲ. ಮೈಗೆ ಮಣ್ಣು ಎರಚಿಕೊಂಡು ಓಡಾಡುವ ಪ್ರಾಣಿಗೆ ಹಣೆಯ ಒಂದು ಕಲೆ ಅಷ್ಟೊಂದು ದೊಡ್ಡದಲ್ಲದೆಯೂ ಇರಬಹುದು. ಇದೇ ಹ್ಯಾಪಿಯ ಪರವಾಗಿ ಮುಂದೆ ಕೋರ್ಟಿನಲ್ಲಿ ಕೇಸು ನಡೆದು, 2022ರಲ್ಲಿ ನ್ಯೂಯಾರ್ಕ್ ರಾಜ್ಯದ ಅತಿ ಮೇಲಿನ ಕೋರ್ಟು ಐದಕ್ಕೆ ಎರಡು ಮತಗಳಿಂದ ‘ಕಾನೂನಿನ ಕಣ್ಣಲ್ಲಿ ಆನೆ ವ್ಯಕ್ತಿಯಲ್ಲ’ ಅಂದಿತು. ಅದು ಬೇರೆಯೇ ಉಪನ್ಯಾಸದ ವಿಷಯ.

ನಾಯಿಗಳು ಈ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ. ಅವು ಜಗತ್ತನ್ನು ತಿಳಿಯುವುದು ಮೂಗಿನಿಂದ. ಕನ್ನಡಿಗೆ ವಾಸನೆ ಎಲ್ಲಿದೆ?

ಇಷ್ಟು ಹೊತ್ತು ಹೇಳಿದ್ದು ಬುದ್ಧಿಯ ವಿಷಯ. ಭಾವನೆಯ ವಿಷಯ ಇದಕ್ಕಿಂತ ಜಾಸ್ತಿ ಕಷ್ಟ. ಇಲ್ಲಿ ನನಗೆ ಬಲು ಇಷ್ಟವಾದ ಪ್ರಾಣಿ ಇಲಿ. ಹೌದು, ನಾವು ಬೋನಿಟ್ಟು ಹಿಡಿಯುವ ಇಲಿ.

1990ರ ದಶಕದಲ್ಲಿ ಅಮೆರಿಕದ ನರವಿಜ್ಞಾನಿ ಯಾಕ್ ಪ್ಯಾಂಕ್‌ಸೆಪ್ ಇಲಿಮರಿಗಳಿಗೆ ಬೆರಳಿನಿಂದ ಕಚಗುಳಿ ಇಟ್ಟರು. ಏನೂ ಕೇಳಿಸಲಿಲ್ಲ. ಬಾವಲಿಗಳ ಸದ್ದು ಹಿಡಿಯುವ ಯಂತ್ರ ಇಟ್ಟಾಗ ಚಿಲಿಪಿಲಿ ಕೇಳಿಸಿತು, 50 ಕಿಲೋಹರ್ಟ್ಸ್ ಸುಮಾರಿನಲ್ಲಿ. ನಮ್ಮ ಕಿವಿ 20ರ ಹತ್ತಿರವೇ ಸೋಲುತ್ತದೆ. ಆಟವಾಡುವಾಗಲೂ ಇಲಿಗಳು ಇದೇ ಸದ್ದು ಮಾಡುತ್ತವೆ. ಕಚಗುಳಿ ಇಟ್ಟ ಕೈಯನ್ನು ಬೆನ್ನಟ್ಟಿ ಬರುತ್ತವೆ. ಬರ್ಲಿನ್ ವಿಜ್ಞಾನಿಗಳು 2016ರಲ್ಲಿ ಇನ್ನೊಂದು ವಿಷಯ ತೋರಿಸಿದರು. ಅದೇ ಇಲಿಯನ್ನು ಎತ್ತರದ ಹಲಗೆ ಮೇಲೆ, ಪ್ರಖರ ಬೆಳಕಿನಲ್ಲಿ ನಿಲ್ಲಿಸಿ ಕಚಗುಳಿ ಇಟ್ಟರೆ ಸದ್ದು ಕಮ್ಮಿಯಾಗುತ್ತದೆ. ಹೆದರಿದವರಿಗೆ ಕಚಗುಳಿ ಇಟ್ಟರೆ ನಗು ಬರುತ್ತದೆಯೇ? ‘ಇಲಿ ನಗುತ್ತದೆ’ ಅಂತ ಬರೆಯಲು ಕೆಲವು ವಿಜ್ಞಾನಿಗಳು ಇವತ್ತಿಗೂ ಹಿಂಜರಿಯುತ್ತಾರೆ. ನನಗೆ ಆ ಹಿಂಜರಿಕೆ ಬಗ್ಗೆ ಗೌರವ ಇದೆ, ಆದರೆ ಅದು ಸ್ವಲ್ಪ ಅತಿಯಾಯಿತು ಅನ್ನಿಸುತ್ತದೆ.

ಈಗ ಮುಖ್ಯ ಪ್ರಯೋಗಕ್ಕೆ ಬರೋಣ. 2011, ಶಿಕಾಗೋ ವಿಶ್ವವಿದ್ಯಾಲಯ. ಪ್ರಯೋಗ ಮಾಡಿದವರು ಇನ್ಬಾಲ್ ಬೆನ್-ಆಮಿ ಬಾರ್ಟಲ್, ಜೀನ್ ಡೆಸೆಟಿ, ಪೆಗಿ ಮೇಸನ್. ಜೊತೆಯಲ್ಲೇ ಇದ್ದ ಎರಡು ಇಲಿಗಳಲ್ಲಿ ಒಂದನ್ನು ಪಾರದರ್ಶಕ ಕೊಳವೆಯೊಳಗೆ ಕೂಡಿಹಾಕಿದರು. ಅದರ ಬಾಗಿಲು ಹೊರಗಿನಿಂದ ಮಾತ್ರ ತೆರೆಯುತ್ತದೆ. ಹೊರಗಿದ್ದ ಇಲಿಗೆ ಯಾರೂ ಏನೂ ಕಲಿಸಲಿಲ್ಲ. ಅದು ಕೊಳವೆಯ ಸುತ್ತ ಸುತ್ತಿತು, ಕಚ್ಚಿತು, ಸಂದಿಯಲ್ಲಿ ಮೂತಿ ತೂರಿಸಿ ಒಳಗಿದ್ದದ್ದನ್ನು ಮುಟ್ಟಿತು. ಸುಮಾರು ಒಂದು ವಾರದಲ್ಲಿ 30 ಇಲಿಗಳಲ್ಲಿ 23 ಬಾಗಿಲು ತೆಗೆಯಲು ಕಲಿತವು. ಮೊದಲ ಸಲ ಬಾಗಿಲು ಬಿದ್ದಾಗ ಸದ್ದಿಗೆ ತಾವೇ ಬೆಚ್ಚಿ ನಿಂತವು. ಆಮೇಲೆ ಅದೇ ಅಭ್ಯಾಸವಾಯಿತು. ಕೊಳವೆ ಖಾಲಿ ಇದ್ದಾಗ, ಒಳಗೆ ಗೊಂಬೆ ಇಲಿ ಇದ್ದಾಗ ಈ ಉತ್ಸಾಹ ಇರಲಿಲ್ಲ. ಪಕ್ಕದಲ್ಲಿ ಇನ್ನೊಂದು ಕೊಳವೆಯಲ್ಲಿ ಚಾಕೊಲೇಟ್ ಇಟ್ಟರು. ಇಲಿಗಳು ಎರಡನ್ನೂ ತೆರೆದವು. ಎಷ್ಟೋ ಸಲ ಚಾಕೊಲೇಟನ್ನು ಪೂರ್ತಿ ತಿನ್ನದೆ ಜೊತೆಗಾರನಿಗೂ ಉಳಿಸಿದವು.

‘ಇಲಿಗೂ ಕರುಣೆ’ ಅಂತ ಪತ್ರಿಕೆಗಳು ಬರೆದವು. ತಕರಾರೂ ಶುರುವಾಯಿತು. ಕರುಣೆ ಏನಲ್ಲ, ಸುಮ್ನೆ ಜೊತೆ ಬೇಕಿತ್ತು ಅಷ್ಟೇ ಅಂತ 2014ರಲ್ಲಿ ಇನ್ನೊಂದು ತಂಡ ವಾದಿಸಿತು. ಹಾನ್ಸ್ ಕಾಲದಿಂದ ಬಂದ ಒಳ್ಳೆಯ ಅನುಮಾನ ಅದು. 2016ರಲ್ಲಿ ಮೂಲ ತಂಡ ಹೊರಗಿನ ಇಲಿಗೆ ಆತಂಕ ತಗ್ಗಿಸುವ ಮಿಡಜೋಲಾಮ್ ಔಷಧ ಕೊಟ್ಟು ನೋಡಿತು. ಆಗ ಇಲಿ ಚಾಕೊಲೇಟ್ ಇದ್ದ ಕೊಳವೆಯನ್ನು ತೆರೆಯಿತು, ಗೆಳೆಯನಿದ್ದ ಕೊಳವೆಯನ್ನು ತೆರೆಯಲಿಲ್ಲ. ಕೈಕಾಲು, ಬುದ್ಧಿ ಎಲ್ಲ ಸರಿ ಇವೆ. ಒಳಗಿನ ತಳಮಳ ಒಂದು ಇಲ್ಲ. ನನ್ನ ಮಟ್ಟಿಗೆ ಈ ಇಡೀ ಕ್ಷೇತ್ರದ ಜಾಣ ಪ್ರಯೋಗಗಳಲ್ಲಿ ಇದೊಂದು. ಜೊತೆ ಬೇಕು ಅನ್ನುವ ಆಸೆ, ಇನ್ನೊಬ್ಬರ ಸಂಕಟ ತಾಳಲಾರದ ತಳಮಳ, ಎರಡೂ ಬೆರೆತಿರಬಹುದು. ನಾವು ಆಸ್ಪತ್ರೆಗೆ ನೆಂಟರನ್ನು ನೋಡಲು ಹೋಗುವಾಗಲೂ ಅಷ್ಟೇ ಅಲ್ವಾ?

ಪ್ರಯೋಗಾಲಯ ಸಾಕು, ಬಂಡೀಪುರಕ್ಕೆ ಬನ್ನಿ. ಅಲ್ಲಿನ ಕೋತಿಗಳ ಬಗ್ಗೆ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಅನಿಂದ್ಯ ಸಿನ್ಹಾ ಮತ್ತು ಜೊತೆಗಾರರು ಬಹಳ ಕಾಲದಿಂದ ಕೆಲಸ ಮಾಡಿದ್ದಾರೆ. ಇದು ಬಾನೆಟ್ ಮಕಾಕ್, ತಲೆಗೂದಲು ಟೋಪಿ ಇಟ್ಟ ಹಾಗಿರುವ ನಮ್ಮ ಮಾಮೂಲಿ ಕೋತಿ. ಎರಡು ಹೆಣ್ಣು ಕೋತಿಗಳು ಹೇನು ಹೆಕ್ಕುತ್ತಾ ಕೂತಿರುತ್ತವೆ. ಇಬ್ಬರಿಗಿಂತಲೂ ದೊಡ್ಡ ದರ್ಜೆಯ ಮೂರನೆಯವಳು ಬರುತ್ತಾಳೆ. ಯಾರು ಎದ್ದು ಹೋಗುತ್ತಾರೆ? ಸಾಮಾನ್ಯವಾಗಿ ಇಬ್ಬರಲ್ಲಿ ಕೆಳ ದರ್ಜೆಯವಳು. ಅಂದರೆ ಬಂದವಳ ಮುಂದೆ ತನ್ನ ಸ್ಥಾನ ಏನು ಅನ್ನುವುದಷ್ಟೇ ಅಲ್ಲ, ಪಕ್ಕದವಳ ಸ್ಥಾನವೂ ಲೆಕ್ಕದಲ್ಲಿದೆ. ಮದುವೆ ಊಟದ ಮೊದಲ ಪಂಕ್ತಿಯಲ್ಲಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

2018ರಲ್ಲಿ ಪ್ರಕಟವಾದ ಅವರ ತಂಡದ ಇನ್ನೊಂದು ಅಧ್ಯಯನ ಪ್ರವಾಸಿಗರ ಬಳಿ ತಿಂಡಿ ಕೇಳುವ ಕೋತಿಗಳದ್ದು. ಈ ಕಾಡುಕೋತಿಗಳು ಮನುಷ್ಯರ ಕಡೆ ಕೈ ಚಾಚಿ, ‘ಕೂ’ ಅಂತ ದನಿ ಮಾಡಿ ಕೇಳುತ್ತವೆ. ಯಾರೂ ತರಬೇತಿ ಕೊಟ್ಟದ್ದಲ್ಲ. ಪ್ರಶ್ನೆ ಏನೆಂದರೆ, ಇದು ಬೇಕೆಂದೇ ನಮಗೆ ಹೇಳುವುದೋ, ತಿಂಡಿ ಕಂಡ ಉದ್ವೇಗಕ್ಕೆ ತಾನಾಗಿ ಆಗುವುದೋ? ಸಂಶೋಧಕರು ಪಟ್ಟು ಹಿಡಿದು ನೋಡಿದರು. ಕೋತಿ ವ್ಯಕ್ತಿಯ ಕಡೆ ತಿರುಗುತ್ತದೆಯೇ? ನಮ್ಮ ಮೇಲೆ ಕಣ್ಣಿಟ್ಟು ಕಾಯುತ್ತದೆಯೇ? ಕೈ ಚಾಚುವುದು, ತಿರುಗುವುದು, ಗಮನಿಸುವುದು, ಮೂರೂ ಪಾಸಾದವು. ‘ಕೂ’ ದನಿ ಮಾತ್ರ ಪಾಸಾಗಲಿಲ್ಲ. ಹಾಗಂತಲೇ ಅವರು ಬರೆದರು. ಎಲ್ಲ ಪಾಸು ಅಂದಿದ್ದರೆ ನನಗೆ ಇಷ್ಟು ನಂಬಿಕೆ ಬರುತ್ತಿರಲಿಲ್ಲ. ಅಂದ ಹಾಗೆ, ಇದನ್ನು ಕೇಳಿ ಬಂಡೀಪುರದಲ್ಲಿ ಕಾರು ನಿಲ್ಲಿಸಿ ಬಿಸ್ಕತ್ತು ಕೊಡಬೇಡಿ. ರಸ್ತೆಗೆ ಬಂದ ಕೋತಿ ಚಕ್ರಕ್ಕೆ ಸಿಗುತ್ತದೆ.

ಕೀಟಗಳ ಬಗ್ಗೆ ಎರಡೇ ಮಾತು. ಲಂಡನ್ನಿನ ಲಾರ್ಸ್ ಚಿಟ್ಕಾ ಅವರ ಪ್ರಯೋಗಾಲಯದಲ್ಲಿ ದಪ್ಪ ದುಂಬಿಗಳ, ಅಂದರೆ ಬಂಬಲ್‌ಬೀಗಳ, ದಾರಿಯ ಪಕ್ಕ ಪುಟ್ಟ ಮರದ ಉಂಡೆಗಳನ್ನು ಇಟ್ಟರು. ಉಂಡೆ ಉರುಳಿಸಿದರೆ ಸಕ್ಕರೆ ನೀರೇನೂ ಸಿಗದು. ಆದರೂ 45 ದುಂಬಿಗಳು ಉರುಳಿಸಿದವು, ಒಂದಂತೂ 117 ಸಲ. ಎಳೆಯ ದುಂಬಿಗಳದ್ದೇ ಹೆಚ್ಚು ಹುರುಪು. 2022ರಲ್ಲಿ ಬಂದ ಆ ಲೇಖನದಲ್ಲಿ ಅದನ್ನು ಆಟ ಅಂತಲೇ ಕರೆದಿದ್ದಾರೆ.

ಅದೇ 2022ರಲ್ಲಿ ಬ್ರಿಟನ್ ಒಂದು ಕಾನೂನು ಮಾಡಿ, ನೋವು ನಲಿವು ತಿಳಿಯುವ ಪ್ರಾಣಿಗಳ ಪಟ್ಟಿಗೆ ಆಕ್ಟೋಪಸ್, ಏಡಿ, ಸಿಗಡಿಗಳನ್ನು ಸೇರಿಸಿತು. ಅದಕ್ಕೂ ಮೊದಲು ತತ್ವಶಾಸ್ತ್ರಜ್ಞ ಜೊನಾಥನ್ ಬರ್ಚ್ ಅವರ ತಂಡ 300ಕ್ಕೂ ಹೆಚ್ಚು ಅಧ್ಯಯನಗಳನ್ನು ತೂಗಿ ನೋಡಿತ್ತು. ದುಂಬಿ, ಜೇನು ಆ ಪಟ್ಟಿಯಲ್ಲಿಲ್ಲ. ಇರಬೇಕೇ ಬೇಡವೇ ಅನ್ನುವ ಜಗಳ ಈಗ ಜೋರಾಗಿ ನಡೆದಿದೆ. ನಾನು ಇರಬೇಕು ಅನ್ನುವವರ ಪಕ್ಷ. ಇಲ್ಲಿ ಒಪ್ಪದವರು ಖಂಡಿತ ಇರುತ್ತೀರಿ, ಮೊದಲ ಪ್ರಶ್ನೆ ನಿಮ್ಮಿಂದಲೇ ಬರಲಿ.