ಅಕಾರಾದಿಯಾಗಿ ಸತ್ತವರು

ಅಧ್ಯಕ್ಷರೇ, ಗೆಳೆಯರೇ,

ಸ್ವಾಗತ ಕೋರಿದವರು ನಾಜಿ ಶಿಬಿರಗಳ ಹಿಂಸೆಯನ್ನು ‘ಮೃಗೀಯ’ ಎಂದರು. ನನ್ನ ತಕರಾರು ಅಲ್ಲಿಂದಲೇ ಶುರು. ಯಾವ ಮೃಗವೂ ಹೊಡೆಯುವ ಮುನ್ನ ನಮೂನೆ ಭರ್ತಿ ಮಾಡುವುದಿಲ್ಲ.

ಜರ್ಮನಿಯ ಡಾಖೌ ಶಿಬಿರಕ್ಕೆ 1933ರ ಅಕ್ಟೋಬರಿನಲ್ಲಿ ಅದರ ಮುಖ್ಯಾಧಿಕಾರಿ ಥಿಯೊಡೋರ್ ಐಕೆ ಬರೆದ ನಿಯಮಾವಳಿಯಲ್ಲೇ 25 ಏಟಿನ ಶಿಕ್ಷೆ ಇದೆ. ಯುದ್ಧದ ಹೊತ್ತಿಗೆ ಎಲ್ಲಕ್ಕೂ ಕಾಲಂ ಬಂದಿತ್ತು: ಯಾವ ತಪ್ಪಿಗೆ ಎಷ್ಟು ಏಟು, ಮೇಲಿನ ಕಚೇರಿಯ ಮಂಜೂರಾತಿ, ಕೈದಿ ಏಟು ತಾಳಬಲ್ಲನೆಂದು ವೈದ್ಯರ ರುಜು. ಹಲಗೆಗೆ ಬಾಗಿಸಿ ಕಟ್ಟಿದ ಕೈದಿ ತನ್ನ ಏಟುಗಳನ್ನು ತಾನೇ ಜರ್ಮನ್‌ನಲ್ಲಿ ಎಣಿಸಬೇಕು. ತಪ್ಪಿದರೆ ಮತ್ತೆ ಒಂದರಿಂದ. ಪೋಲೆಂಡಿನ ರೈತನಿಗೆ, ಗ್ರೀಸಿನ ಬಂದರಿನ ಹಮಾಲಿಗೆ ಜರ್ಮನ್ ಅಂಕಿ ಎಲ್ಲಿಂದ ಬರಬೇಕು? ಮಗ್ಗಿ ತಪ್ಪಿ ಬೆತ್ತದ ರುಚಿ ಕಂಡವರು ಇಲ್ಲಿ ನಗುತ್ತಿದ್ದೀರಿ. ನಾನೂ ಹದಿನೇಳರ ಮಗ್ಗಿಯ ಫಲಾನುಭವಿಯೇ. ನಮ್ಮ ಮೇಷ್ಟರಿಗೆ ಸಿಟ್ಟು ಏರುತ್ತಿತ್ತು, ಇಳಿಯುತ್ತಲೂ ಇತ್ತು. ನಮೂನೆಗೆ ಏರಿದ್ದರಲ್ಲವೇ ಇಳಿಯುವುದು?

ಮಾತು ಇಲ್ಲಿಗೆ ಬಂದಾಗಲೆಲ್ಲ ನಾನು ಮೌಟ್‌ಹೌಸೆನ್‌ಗೆ ಹೊರಟುಬಿಡುತ್ತೇನೆ. ನನ್ನ ವಿದ್ಯಾರ್ಥಿಗಳು ಈ ಕಥೆಯನ್ನು ಕೇಳಿ ಕೇಳಿ ಸೋತಿದ್ದಾರೆ, ಇನ್ನೊಮ್ಮೆ ಸಹಿಸಿಕೊಳ್ಳಲಿ. ಆಸ್ಟ್ರಿಯದ ಲಿಂಜ್ ಬಳಿಯ ಶಿಬಿರ ಅದು. 1945ರ ಡಿಸೆಂಬರಿನಲ್ಲಿ ಅಮೆರಿಕದ ವಕೀಲ ಥಾಮಸ್ ಡಾಡ್ ಅಲ್ಲಿನ ಮರಣ ದಾಖಲೆಯ ಪುಸ್ತಕಗಳನ್ನು ನಾಜಿ ನಾಯಕರ ವಿಚಾರಣೆ ನಡೆಸುತ್ತಿದ್ದ ನ್ಯೂರೆಂಬರ್ಗ್ ನ್ಯಾಯಾಲಯದ ಮುಂದಿಟ್ಟರು. ಅದೇ ವರ್ಷದ ಮಾರ್ಚ್ 19ರ ನಮೂದು: ನಡುರಾತ್ರಿ ಕಳೆದು ಒಂದೂಕಾಲರಿಂದ ಮಧ್ಯಾಹ್ನ ಎರಡರವರೆಗೆ 203 ಜನರ ಸಾವು. ಅಷ್ಟೂ ಜನಕ್ಕೆ ಹೃದಯದ ಕಾಯಿಲೆ. ಹೋಗಲಿ, ಕೆಟ್ಟ ಚಳಿಗಾಲ ಎಂದುಕೊಳ್ಳೋಣ. ಆದರೆ ಅವರು ಸತ್ತದ್ದು ಅಕಾರಾದಿಯಾಗಿ! ಮೊದಲು ‘ಎ’ ಅಕ್ಷರದವನ ಹೃದಯ ನಿಂತಿತು, ಸ್ವಲ್ಪ ಹೊತ್ತಿಗೆ ಪಟ್ಟಿಯಲ್ಲಿ ಅವನ ಕೆಳಗಿನವನದು, ಕೊನೆಗೆ ‘ಝಡ್’ನವನದು. ಯಮನೇ ಹಾಜರಿ ಪುಸ್ತಕ ಹಿಡಿದು ಕೂಗಿದಂತೆ. ಸುಳ್ಳನ್ನೂ ಅಚ್ಚುಕಟ್ಟಾಗಿ ಬರೆಯಬೇಕು ಎನ್ನುವ ಕಚೇರಿಯ ಚಟ ಅವರನ್ನು ಹಿಡಿದುಕೊಟ್ಟಿತು. ಆ ಪುಸ್ತಕಗಳು ಬೂದಿಯಾಗದಂತೆ ಕಾಯ್ದವನು ಒಬ್ಬ ಕೈದಿ ಗುಮಾಸ್ತ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಕೈದಿಯಿಂದಲೇ ಕೈದಿಗೆ ಹೊಡೆಸುವ ಕಾಪೋ ಏರ್ಪಾಡಿಗೆ ಅರ್ಧ ಗಂಟೆ ಬೇಕಿತ್ತು, ಬಿಟ್ಟೆ. ಅಲ್ಲಿನ ಕಲ್ಲುಗಣಿಯ 186 ಮೆಟ್ಟಿಲುಗಳನ್ನು ಬಿಡಲಾರೆ. ಬೆನ್ನ ಮೇಲೆ ಗ್ರಾನೈಟ್ ಹೊತ್ತು ಹತ್ತಬೇಕು; ಒಬ್ಬ ಮುಗ್ಗರಿಸಿದರೆ ಅವನೂ ಅವನ ಕಲ್ಲೂ ಹಿಂದಿನವರ ಮೇಲೆ. ಅಲ್ಲಿ ಬಿದ್ದ ಏಟಿಗೆ ನಮೂನೆ ಇರಲಿಲ್ಲ, ವೈದ್ಯರ ರುಜುವೂ ಇರಲಿಲ್ಲ. ನನ್ನ ವಾದ ಸೋರುವ ಜಾಗ ಅದು, ಒಪ್ಪುತ್ತೇನೆ. ಆದರೂ ಸತ್ತವನ ಹೆಸರು ಪುಸ್ತಕಕ್ಕೆ ಹೋಗುತ್ತಿತ್ತು, ಯಾವುದೋ ಕಾಯಿಲೆಯ ಹೆಸರಿನ ಪಕ್ಕ.

ಇನ್ನು ಫ್ರಾನ್ಸಿಸ್ಕೊ ಬೋಯಿಷ್. ಸ್ಪೇನಿನ ಕೈದಿ, ಶಿಬಿರದ ಫೋಟೊ ವಿಭಾಗದಲ್ಲಿ ಕೆಲಸ. ಗೆಳೆಯರೊಡನೆ ಸೇರಿ ಕದ್ದು ಸಾಗಿಸಿದ ನೆಗೆಟಿವ್‌ಗಳನ್ನು ಊರಿನ ಮಹಿಳೆಯೊಬ್ಬರು ತಮ್ಮ ತೋಟದ ಗೋಡೆಯಲ್ಲಿ ಅಡಗಿಸಿಟ್ಟರು. 1946ರ ಜನವರಿಯಲ್ಲಿ ಅವನು ನ್ಯೂರೆಂಬರ್ಗ್‌ನಲ್ಲಿ ಸಾಕ್ಷಿ ನುಡಿದ. ಆ ಚಿತ್ರಗಳನ್ನು ತೋರಿಸಲೆಂದೇ ತಂದಿದ್ದೆ, ಕರೆಂಟು ಹೋಗಿದೆ. ಚಹಾ ವಿರಾಮದಲ್ಲಿ ಕಿಟಕಿಯ ಹತ್ತಿರ ಕುಳಿತಿರುತ್ತೇನೆ, ಬನ್ನಿ.