ಮಾನ್ಯತೆ ಸಿಕ್ಕಿತು, ಅಧಿಕಾರ ಸಿಗಲಿಲ್ಲ

ಕೇಳುಗರೆಲ್ಲರಿಗೂ ನಮಸ್ಕಾರ.

2018ರ ಮೇ ತಿಂಗಳಲ್ಲಿ ವೆನೆಜುವೆಲಾದಲ್ಲಿ ಅಧ್ಯಕ್ಷರ ಚುನಾವಣೆ ನಡೆಯಿತು. ನಿಕೊಲಸ್ ಮಡುರೊ ಮತ್ತೆ ಗೆದ್ದರು ಎಂದು ಘೋಷಣೆಯಾಯಿತು. ಆದರೆ ವಿರೋಧ ಪಕ್ಷಗಳ ದೊಡ್ಡ ನಾಯಕರಿಗೆ ಸ್ಪರ್ಧಿಸಲು ಬಿಟ್ಟಿರಲಿಲ್ಲ. ಹಾಗಾಗಿ ಮುಖ್ಯ ವಿರೋಧ ಒಕ್ಕೂಟ ಚುನಾವಣೆಯನ್ನೇ ಬಹಿಷ್ಕರಿಸಿತ್ತು. ಎದುರಾಳಿಗಳನ್ನು ಕಣದಿಂದ ಹೊರಗಿಟ್ಟು ಪಡೆದ ಗೆಲುವನ್ನು ಒಪ್ಪುವುದು ಕಷ್ಟ, ಅಲ್ವಾ?

2019ರ ಜನವರಿ 23ರಂದು ರಾಜಧಾನಿ ಕರಾಕಸ್‌ನಲ್ಲಿ ಸಾವಿರಾರು ಜನ ಬೀದಿಗೆ ಬಂದರು. ಅವರ ಮುಂದೆ ಸಂಸತ್ತಿನ ಅಧ್ಯಕ್ಷ, ವಿರೋಧ ಪಕ್ಷದ 35 ವರ್ಷದ ಹುವಾನ್ ಗುವಾಯಿಡೊ, ದೇಶದ ಹಂಗಾಮಿ ಅಧ್ಯಕ್ಷರಾಗಿ ಪ್ರಮಾಣ ಮಾಡಿದರು. 2018ರ ಚುನಾವಣೆಯೇ ಸರಿಯಿಲ್ಲ, ಹಾಗಾಗಿ ಅಧ್ಯಕ್ಷ ಸ್ಥಾನ ಖಾಲಿ ಇದೆ, ಸಂವಿಧಾನದ 233ನೇ ವಿಧಿಯೇ ತಮಗೆ ಆಧಾರ ಎಂದರು. ಚುನಾಯಿತ ಅಧ್ಯಕ್ಷ ಅಧಿಕಾರ ವಹಿಸುವ ಮೊದಲೇ ಸ್ಥಾನ ತೆರವಾದರೆ ಸಂಸತ್ತಿನ ಅಧ್ಯಕ್ಷ ಆ ಹೊಣೆ ಹೊರಬೇಕು, 30 ದಿನದೊಳಗೆ ಚುನಾವಣೆ ಆಗಬೇಕು ಎನ್ನುತ್ತದೆ ಅದು. ಅಮೆರಿಕ ಅಂದೇ ಮಾನ್ಯತೆ ಕೊಟ್ಟಿತು. ನಂತರ 50ಕ್ಕೂ ಹೆಚ್ಚು ದೇಶಗಳು ಅದೇ ದಾರಿ ಹಿಡಿದವು. ರಷ್ಯಾ, ಚೀನಾ, ಕ್ಯೂಬಾ ಮಡುರೊ ಪರ ನಿಂತವು.

30 ದಿನದೊಳಗೆ ಆಗಬೇಕಿದ್ದ ಆ ಚುನಾವಣೆ ನಡೆಯಲೇ ಇಲ್ಲ. ಸೈನ್ಯ, ಪೊಲೀಸರು, ಸರ್ಕಾರಿ ಕಚೇರಿಗಳು ಎಲ್ಲವೂ ಮಡುರೊ ಕೈಯಲ್ಲೇ ಉಳಿದವು. ವಿಶ್ವಸಂಸ್ಥೆಯಲ್ಲೂ ವೆನೆಜುವೆಲಾದ ಕುರ್ಚಿಯಲ್ಲಿ ಕೂತವರು ಅವರ ಸರ್ಕಾರದವರೇ.

ಹಾಗಂತ ಮಾನ್ಯತೆ ಸುಮ್ನೆ ಹೋಗಲಿಲ್ಲ. ಅದರ ಬಲ ಕಂಡಿದ್ದು ದೇಶದ ಹೊರಗೆ. ವೆನೆಜುವೆಲಾದ ಸುಮಾರು 31 ಟನ್ ಚಿನ್ನ ಲಂಡನ್ನಿನಲ್ಲಿ, ಬ್ಯಾಂಕ್ ಆಫ್ ಇಂಗ್ಲೆಂಡ್‌ನಲ್ಲಿ ಇತ್ತು. ನಮ್ಮ ಚಿನ್ನ ಕೊಡಿ ಎಂದು ಮಡುರೊ ಕಡೆಯವರು ಕೇಳಿದರು. ಕೊಡಬೇಡಿ ಎಂದು ಗುವಾಯಿಡೊ ಕಡೆಯವರು ತಡೆದರು. 2020ರಲ್ಲಿ ವಿಷಯ ಕೋರ್ಟಿಗೆ ಹೋಯಿತು. ಕೊರೊನಾ ಎದುರಿಸಲು ಹಣ ಬೇಕು, ವಿಶ್ವಸಂಸ್ಥೆಯ ಅಭಿವೃದ್ಧಿ ಸಂಸ್ಥೆಯ ಮೂಲಕವೇ ಖರ್ಚು ಮಾಡೋಣ ಎಂದು ಮಡುರೊ ಪರ ವಾದಿಸಿದರು. ಆ ಹಣ ಜನರಿಗೆ ತಲುಪುತ್ತದೆ ಎಂದು ಗುವಾಯಿಡೊ ಕಡೆಯವರು ನಂಬಲಿಲ್ಲ. 2021ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಒಂದು ಮುಖ್ಯ ಮಾತು ಹೇಳಿತು: ಅಧ್ಯಕ್ಷರು ಯಾರು ಎಂಬುದನ್ನು ಹೇಳುವುದು ಸರ್ಕಾರ, ಕೋರ್ಟು ಆ ಮಾತಿಗೆ ಬದ್ಧ. ಬ್ರಿಟನ್ ಸರ್ಕಾರ ಗುವಾಯಿಡೊ ಹೆಸರು ಹೇಳಿತ್ತು.

ನನ್ನನ್ನು ತುಂಬಾ ಕಾಡುವುದು ಈ ಚಿನ್ನದ ಜಗಳ. ಚಿನ್ನ ಜನರದ್ದು. ಇಬ್ಬರೂ ಜನರ ಹೆಸರಲ್ಲೇ ಕೇಳಿದರು. 2022ರ ಕೊನೆಯ ಹೊತ್ತಿಗೆ 70 ಲಕ್ಷಕ್ಕೂ ಜಾಸ್ತಿ ಜನ ದೇಶ ಬಿಟ್ಟು ಹೋಗಿದ್ದರು. ಮಾನ್ಯತೆ ಕೊಡುವ ಮೊದಲು ಹೊರಗಿನ ದೇಶಗಳು ಇನ್ನೊಂದನ್ನೂ ಯೋಚಿಸಬೇಕಿತ್ತು. ಸೈನ್ಯ ಜಾಗ ಬಿಟ್ಟು ಕದಲದಿದ್ದರೆ ಮುಂದೇನು? ಇದಕ್ಕೆ ಉತ್ತರ ಯಾರ ಬಳಿಯೂ ಇರಲಿಲ್ಲ.

2022ರ ಡಿಸೆಂಬರ್ 30ರಂದು ಗುವಾಯಿಡೊ ಅವರ ಹಂಗಾಮಿ ಸರ್ಕಾರವನ್ನು ಮುಚ್ಚುವ ತೀರ್ಮಾನವಾಯಿತು. ಅದಕ್ಕೆ ಮತ ಹಾಕಿದವರು ಮಡುರೊ ಕಡೆಯವರಲ್ಲ, 2015ರಲ್ಲಿ ಸಂಸತ್ತಿಗೆ ಆಯ್ಕೆಯಾಗಿದ್ದ ವಿರೋಧ ಪಕ್ಷಗಳ ಸದಸ್ಯರೇ. ಪರವಾಗಿ 72 ಮತ ಬಿದ್ದವು, ವಿರುದ್ಧ 29. ವಿದೇಶದಲ್ಲಿರುವ ಆಸ್ತಿ ನೋಡಿಕೊಳ್ಳಲು ಒಂದು ಸಮಿತಿ ಮಾಡಿಕೊಂಡರು.

ನಮಸ್ಕಾರ.